ಎರಡು ಸಲ ಎಳೆದ ವಿಂಚು

ತಂತಿ ಹಗ್ಗ ಸುತ್ತಿ ಭಾರ ಎಳೆಯುವ ನಮ್ಮ ಮನೆಯ ವಿಂಚು ನಮ್ಮ ತೋಟದಲ್ಲಿ ಎಳೆದದ್ದು ಎರಡೇ ಸಲ. ಎರಡು ಸಲವೂ ಎಳೆದದ್ದು ಜೀಪನ್ನಲ್ಲ. ಜೀಪು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ವಿಂಚು ಮಾತ್ರ ಇನ್ನೂ ದನದ ಕೊಟ್ಟಿಗೆಯ ಮೂಲೆಯಲ್ಲಿದೆ, ಬೆಕ್ಕು ಅದರ ಮೇಲೆ ಮಲಗುತ್ತದೆ. ಹಳೆ ಕಬ್ಬಿಣದವನು ಬಂದು ಅದರ ಮೇಲೆ ಕಣ್ಣು ಹಾಕಿದಾಗಲೆಲ್ಲ ಅವನಿಗೆ ಚಹಾ ಕೊಟ್ಟು ಕಳಿಸುತ್ತೇನೆ.

ನಾನು ಸೊಸೆಯಾಗಿ ಬಂದದ್ದು ಐನಾಪುರದ ಹೊರಗಿನ ತೋಟದ ಮನೆಗೆ. ಎಂಬತ್ತರ ದಶಕದ ಕೊನೆಯ ವರ್ಷಗಳು. ಊರಿಗೂ ತೋಟಕ್ಕೂ ನಡುವೆ ದಾರಿ ಎನ್ನುವಂಥದ್ದು ಬೇಸಿಗೆಯಲ್ಲಿ ಮಾತ್ರ ಇರುತ್ತಿತ್ತು. ಮಳೆ ಬಿತ್ತೆಂದರೆ ಎರೆಮಣ್ಣು ನಾದಿದ ಹಿಟ್ಟಿನಂತಾಗಿ, ಕಾಲು ಬಂದರೂ ಚಪ್ಪಲಿ ಬರುತ್ತಿರಲಿಲ್ಲ. ಇಂಥ ದಾರಿಗಾಗಿಯೇ ನಮ್ಮವರು, ಅಂದರೆ ನನ್ನ ಗಂಡ, ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರಿಂದ ಹಳೆಯ ಜೀಪೊಂದನ್ನು ತಂದಿದ್ದರು. ನಾಲ್ಕೂ ಗಾಲಿಗೆ ಎಳೆತ ಇರುವ ಜೀಪು ಎಂದು ಊರೆಲ್ಲ ಹೇಳಿಕೊಂಡು ಬಂದರು. ಮುಂದಿನ ಎರಡು ಗಾಲಿಗಳಿಗೆ ಆ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ.

ಜೀಪಿನ ದೊಡ್ಡ ಕೆಲಸ ಅತ್ತೆಯವರನ್ನು ಬಸದಿಗೆ ಕರೆದೊಯ್ಯುವುದು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವುದು ನಮ್ಮ ಜೈನರ ಮನೆಗಳಲ್ಲಿ ಎಲ್ಲರಿಗೂ ರೂಢಿ. ಮಳೆಗಾಲದ ಚಾತುರ್ಮಾಸದಲ್ಲಿ ಅತ್ತೆ ಅದರ ಮೇಲೆ ಇನ್ನೊಂದು ನೇಮ ಹಿಡಿಯುತ್ತಿದ್ದರು. ಊರ ಬಸದಿಯಲ್ಲಿ ದರ್ಶನವಾಗಬೇಕು, ಆಮೇಲೆ ಮನೆಗೆ ಬಂದು ಒಂದೇ ಹೊತ್ತು ಉಣ್ಣಬೇಕು, ನೀರು ಕುಡಿಯುವುದೂ ಆಗಲೇ. ಮೊಣಕಾಲು ಗಟ್ಟಿಯಿದ್ದಾಗ ನಡೆದೇ ಹೋಗಿಬರುತ್ತಿದ್ದರಂತೆ. ಮೊಣಕಾಲು ಹೋಯಿತು, ನೇಮ ಹೋಗಲಿಲ್ಲ. ಜೀಪು ಕೆಸರಿನಲ್ಲಿ ಕೂತ ದಿನ ಅವರು ಹೇಗೋ ತಿರುಗಿ ಬಂದು, ಕಾಲು ತೊಳೆದು, ಏನೂ ಆಗದವರಂತೆ ಕಾಳು ಆರಿಸಲು ಕೂಡುತ್ತಿದ್ದರು. ನಾನು ಮಾಡಿಟ್ಟ ರೊಟ್ಟಿ ನನ್ನ ಎದುರಿಗೇ ಆರಿ ಬಿರುಸಾಗುತ್ತಿತ್ತು. ಒಂದು ಮಳೆಗಾಲ ಹಾಗೆ ಎರಡು ದಿನ ಸಾಲಾಗಿ ಉಪವಾಸ ಬಿದ್ದು, ಮರುದಿನ ಮುಂಜಾನೆ ಹಾಲು ಹಿಂಡುವಾಗ ಕಣ್ಣು ಕತ್ತಲೆ ಬಂದು ಆಕಳ ಕಾಲ ಬಳಿಯೇ ಕುಸಿದರು. ಆಕಳು ಅಲುಗದೆ ನಿಂತಿತ್ತು. ನಾನು ಓಡಿಹೋಗಿ ಅವರನ್ನು ಎತ್ತಿ ಕೂರಿಸಿದೆ.

"ಎತ್ತ ಕಟ್ಟಿ ಜೀಪ ಎಳಸೂನು, ಅವ್ವಾ," ಎಂದರು ನಮ್ಮವರು. ಸುತ್ತಮುತ್ತ ಎಲ್ಲರೂ ಮಾಡುತ್ತಿದ್ದದ್ದೇ ಅದು.

"ನನ್ನ ನೇಮಕ್ಕ ಎತ್ತಿನ ಬೆನ್ನಮ್ಯಾಲ ಬಾರಕೋಲ ಆಡಸ್ತೀಯೇನ ತಮ್ಮಾ? ಅಂಥಾ ದರ್ಶನ ನನಗ ಬ್ಯಾಡ," ಎಂದರು ಅತ್ತೆ.

ಅಲ್ಲಿಗೆ ಎತ್ತಿನ ಮಾತು ಮುಗಿಯಿತು. ಜೀಪಿನ ಗಾಲಿಯ ಕೆಳಗೆ ಎಷ್ಟು ಹುಳಹುಪ್ಪಡಿ ಸಾಯುತ್ತವೆ ಎಂದು ಕೇಳಬೇಕೆನಿಸಿತು ನನಗೆ. ಕೇಳಿದ್ದರೆ ಜೀಪೂ ನಿಲ್ಲುತ್ತಿತ್ತು, ಅದಕ್ಕೇ ಸುಮ್ಮನಿದ್ದೆ.

ಟ್ರ್ಯಾಕ್ಟರ್ ಒಂದಿತ್ತು. ಆದರೆ ಅದು ಬದುವಿನ ಆಚೆ, ನಮ್ಮವರ ಕಾಕಾನ ಮಗನ ಹತ್ತಿರ. ನನಗೆ ಅವನು ಮೈದುನ. ಹೊಲ ಪಾಲಾದಾಗಿನಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ತೀರಿಹೋದ ನಮ್ಮ ಮಾವನವರು ಬದುವಿನ ಕಲ್ಲನ್ನು ತನ್ನ ಹೊಲದೊಳಗೆ ಕಬ್ಬಿನ ಎರಡು ಸಾಲಿನಷ್ಟು ಒತ್ತಿ ನಿಲ್ಲಿಸಿದ್ದಾರೆ ಎಂದು ಅವನ ವಾದ. ಸತ್ತವರ ಮೇಲೆ ಮಾತು ತಂದ ಎಂದು ಇವರ ಸಿಟ್ಟು. ವರ್ಷಕ್ಕೊಮ್ಮೆ ಕ್ಷಮಾವಾಣಿಯ ದಿನ ಬಸದಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕೈಮುಗಿದು ತಪ್ಪು ಮನ್ನಿಸಿ ಎನ್ನುವಾಗ, ಇವರಿಬ್ಬರು ಒಂದೇ ಕಂಬದ ಎರಡು ಬದಿಗೆ ನಿಂತು, ಕಂಬಕ್ಕೆ ಕೈಮುಗಿದು ಮನೆಗೆ ಬರುತ್ತಿದ್ದರು. ಹಾಗಾಗಿ ಟ್ರ್ಯಾಕ್ಟರಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅದರ ಸದ್ದು ಮಾತ್ರ ದಿನಾ ಕೇಳುತ್ತಿತ್ತು.

ಉಳಿದದ್ದು ವಿಂಚು. ಜೀಪಿನ ಮೂತಿಗೆ ವಿಂಚು ಕೂಡಿಸಿ, ಅದರ ತಂತಿ ಹಗ್ಗವನ್ನು ಮುಂದೆ ಎಲ್ಲಾದರೂ ಕಟ್ಟಿ ಸುತ್ತುತ್ತ ಹೋದರೆ ಜೀಪು ತನ್ನನ್ನು ತಾನೇ ಎಳೆದುಕೊಂಡು ಬರುತ್ತದೆ ಎಂದು ನಮ್ಮವರು ಊಟದ ತಾಟಿನ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ಅವರ ಮನಸ್ಸೆಲ್ಲ ಬ್ಯಾಟರಿಯ ಮೇಲೆ ನಡೆಯುವ ವಿಂಚಿನ ಮೇಲಿತ್ತು. ಪುಣೆಯ ಅಂಗಡಿಯೊಂದರಲ್ಲಿ ಅದನ್ನು ನೋಡಿ, ಬೆಲೆ ಕೇಳಿ, ಅಂಗಡಿಯವನಿಗೆ ನಮಸ್ಕಾರ ಹೇಳಿ ಬಂದಿದ್ದರು. ಆದರೂ ಆಸೆ ಬಿಟ್ಟಿರಲಿಲ್ಲ.

"ಅಲ್ರಿ, ಮುಂಜಾನೆ ಜೀಪ ಚಾಲೂ ಆಗಬೇಕಾದ್ರ ನಾನೂ ನೀವೂ ಕೂಡಿ ನೂಕಬೇಕು. ಆ ಬ್ಯಾಟರಿ ಜೀಪನ್ನ ಕೆಸರಿನ್ಯಾಗಿಂದ ಎಳೀತೈತೇನ್ರಿ?" ಎಂದೆ.

"ಬ್ಯಾಟರಿ ಹೊಸಾದು ತರೂದು."

"ಅದರ ಸಂಗಾಟ ಜೀಪೂ ಹೊಸಾದು ತಂದಬಿಡ್ರಿ."

ಅವರು ತಾಟು ಸರಿಸಿ ಕೈತೊಳೆಯಲು ಎದ್ದರು. ಆಮೇಲೆ ಆ ಮಾತು ಬರಲಿಲ್ಲ.

ಚಿಕ್ಕೋಡಿಯ ಗ್ಯಾರೇಜೊಂದರಲ್ಲಿ ಎಂಜಿನ್ ಎತ್ತುವ ಚೈನ್ ಪುಲ್ಲಿ ಕಡಿಮೆಗೆ ಸಿಗುತ್ತದೆ ಎಂದು ಗೊತ್ತಾಗಿ ಇಬ್ಬರೂ ಹೋದೆವು. ನಮ್ಮವರು ನೋಡಿದ ಕೂಡಲೇ ಒಪ್ಪಿಬಿಟ್ಟರು. ನಾನು ಸರಪಳಿಯನ್ನು ತೋಳು ಚಾಚಿ ಅಳೆದೆ. ಅದು ಎರಡು ಮಾರೂ ಇರಲಿಲ್ಲ. ಅಷ್ಟು ಎಳೆದು, ಬಿಚ್ಚಿ, ಮತ್ತೆ ಮುಂದೆ ಕಟ್ಟಿ ಎಳೆಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಎಷ್ಟು ಭಾರ ಎಳೆಯುತ್ತದೆ ಎಂದು ನಮ್ಮವರು ಕೇಳುತ್ತಿದ್ದರು, ಎಷ್ಟು ಬೇಗ ಎಳೆಯುತ್ತದೆ ಎಂದು ನಾನು. ಮಿಸ್ತ್ರಿ ಇಬ್ಬರ ಮುಖವನ್ನೂ ನೋಡಿ, "ತೆಲಸಂಗದ ಕಡೆ ಹೋಗ್ರಿ. ಬಾವಿ ಕಡಿಯೂ ಯಾರಿ ವಿಂಚ ಅಲ್ಲಿ ಸಿಗತಾವ," ಎಂದ. ಯಾರಿ ಎಂದರೆ ಬಾವಿ ತೋಡುವಾಗ ತಳದ ಕಲ್ಲುಮಣ್ಣನ್ನು ಬುಟ್ಟಿಯಲ್ಲಿ ಮೇಲಕ್ಕೆತ್ತುವ ಯಂತ್ರ.

ತೆಲಸಂಗ ಮಳೆ ನಂಬಿದ ಸೀಮೆ, ಅಲ್ಲಿ ಬಾವಿಗಳು ಆಳ. ಬಾವಿ ಕಡಿಯುವ ಕೆಲಸ ಬಿಟ್ಟ ಹಿರಿಯರೊಬ್ಬರ ಅಂಗಳದಲ್ಲಿ ನಮ್ಮ ವಿಂಚು ಕೂತಿತ್ತು. ಎರಡು ಬದಿಗೆ ಎರಡು ಹಿಡಿಕೆ, ಒಂದು ಸಣ್ಣ ಹಲ್ಲುಗಾಲಿ, ಒಂದು ದೊಡ್ಡದು, ಕೈ ಬಿಟ್ಟರೂ ಹಿಂದಕ್ಕೆ ತಿರುಗದಂತೆ ತಡೆಯುವ ಕೊಕ್ಕೆ. ನಮ್ಮವರು ಬಣ್ಣ ನೋಡಿದರು. ನಾನು ಸೆರಗಿನ ತುದಿಯಲ್ಲಿ ತಂತಿ ಹಗ್ಗವನ್ನು ಹಿಡಿದು ಉದ್ದಕ್ಕೂ ಸರಿಸಿದೆ. ಎಳೆ ಹರಿದಿದ್ದರೆ ಅಲ್ಲಿ ಬಟ್ಟೆ ಸಿಕ್ಕಿಕೊಳ್ಳಬೇಕು. ತುದಿಯ ಹತ್ತಿರ ಒಂದು ಕಡೆ ಸಿಕ್ಕಿಕೊಂಡಿತು. ಅಲ್ಲಿಗೆ ಕತ್ತರಿಸಿ ಕೊಡಿರಿ ಎಂದೆ. ಹಿರಿಯರು ನಗುತ್ತ ಕತ್ತರಿಸಿದರು.

"ಬಾವಿ ತಳದ ಬಂಡೆಗಲ್ಲ ಎತ್ತಿದ್ದೈತ್ರಿ ಇದು. ನಿಮ್ಮ ಜೀಪ ಯಾವ ಲೆಕ್ಕ?" ಎಂದರು. ಆಮೇಲೆ, "ಆದ್ರ ಎಳೀಬೇಕಾದ್ರ ಹಿಡದ ನಿಂತಿದ್ದು ಗಟ್ಟಿ ಇರಬೇಕ್ರಿ, ಅಷ್ಟ ನೋಡಕೊಳ್ರಿ," ಎಂದೂ ಹೇಳಿದರು. ನಾವು ತಲೆಯಾಡಿಸಿದೆವು. ಬಂಪರಿಗೆ ಇನ್ನೆರಡು ಬೋಲ್ಟು ಹೆಚ್ಚಿಗೆ ಹಾಕಿಸಿದೆವು.

ಅಲ್ಲಿಯ ಕಮ್ಮಾರರೇ ವಿಂಚನ್ನು ಕೂಡಿಸಿಕೊಟ್ಟರು. ಬರುವಾಗ ನಮ್ಮವರು ಬೇಕೆಂದೇ ಜೀಪನ್ನು ಒಂದು ಹಳ್ಳಕ್ಕಿಳಿಸಿ, ದಡದ ಬೇವಿನ ಮರಕ್ಕೆ ಹಗ್ಗ ಕಟ್ಟಿದರು. ಇಬ್ಬರೂ ಹಿಡಿಕೆ ತಿರುಗಿಸಿದೆವು. ಜೀಪು ಹಗ್ಗ ಹಿಡಿದು ಎಳೆದ ಆಕಳಂತೆ ಸುಮ್ಮನೆ ಮೇಲೆ ಬಂತು. ಮದುವೆಯಾದ ಮೇಲೆ ಅವರ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ನೋಡಿದ್ದೇ ಅವತ್ತು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಭಾದ್ರಪದದಲ್ಲಿ ಒಂದು ದಿನ ಮುಂಜಾನೆಯಿಂದ ಸುರಿದ ಮಳೆ ಮಧ್ಯಾಹ್ನ ನಿಂತಿತು. ಅತ್ತೆ ಬಸದಿಯಲ್ಲಿ ಅರ್ಪಿಸಲು ಅಕ್ಕಿ, ಲವಂಗ ಕಟ್ಟಿಕೊಂಡು ಜೀಪು ಹತ್ತಿದರು. ಹಿಡಿಕೆಗೆ ಇನ್ನೊಂದು ಜೊತೆ ಕೈ ಬೇಕೆಂದು ನಾನೂ ಹತ್ತಿದೆ. ಹಾದಿ ತಿರುಗುವಲ್ಲಿಗೆ ಬರುವಷ್ಟರಲ್ಲಿ ಜೀಪು ಹೊಟ್ಟೆಯವರೆಗೂ ಕೂತಿತು. ನಮ್ಮವರು ಸಂತೋಷದಿಂದಲೇ ಇಳಿದರು. ಹಗ್ಗದ ಕೊಂಡಿ ಹಿಡಿದು ಎಳೆದುಕೊಂಡು ಮುಂದೆ ಹೋದರು. ಹೋಗಿ ನಿಂತರು.

ಕಟ್ಟಲು ಮರ ಇರಲಿಲ್ಲ. ಕಬ್ಬು ಬಂದ ಮೇಲೆ, ನೆರಳು ಬಿದ್ದಲ್ಲಿ ಬೆಳೆ ಏಳುವುದಿಲ್ಲ ಎಂದು ಬದುವಿನ ಮೇಲಿನ ಮರಗಳನ್ನೆಲ್ಲ ನಾವೇ ಒಂದೊಂದಾಗಿ ಕಡಿದಿದ್ದೆವು. ಕಣ್ಣು ಹಾಯಿಸಿದಷ್ಟು ದೂರ ಕಬ್ಬು, ಅದರ ಮೇಲೆ ಆಕಾಶ. ದಿನಾ ಅದೇ ಹಾದಿಯಲ್ಲಿ ತಿರುಗಾಡುವ ನಮಗೆ, ಮರಗಳಿರುವ ಸೀಮೆಯಲ್ಲಿ ನಿಂತು ವಿಂಚು ಪರೀಕ್ಷಿಸುವಾಗ, ಈ ಮಾತು ಹೊಳೆಯಲೇ ಇಲ್ಲ. ಕಬ್ಬಿನವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ನಮ್ಮವರು ಹಾರೆ ನೆಟ್ಟು ಕಟ್ಟಿ ನೋಡಿದರು. ಮೊದಲ ಎಳೆತಕ್ಕೇ ಹಾರೆ ಮಲಗಿತು. ಆಮೇಲೆ ಅವರ ಕಣ್ಣು ಬದುವಿನ ಕಲ್ಲಿನ ಮೇಲೆ ಹೋಯಿತು.

"ಅದಕ್ಕ ಬ್ಯಾಡ್ರಿ," ಎಂದೆ.

"ಅಷ್ಟ ದೊಡ್ಡ ಕಲ್ಲ, ಎಲ್ಲಿ ಹೋಗತೈತಿ?"

ಹಿಡಿಕೆ ತಿರುಗಿಸಿದೆವು. ಹಗ್ಗ ಬಿಗಿಯಿತು, ಜೀಪು ಅಲುಗಲಿಲ್ಲ. ಇನ್ನಷ್ಟು ತಿರುಗಿಸಿದೆವು. ಕಲ್ಲು ಮೆಲ್ಲಗೆ ತಲೆ ಬಾಗಿಸಿತು, ಬುಡ ಬಿಟ್ಟಿತು, ಕೆಸರಿನ ಮೇಲೆ ಜಾರುತ್ತ ನಮ್ಮ ಹೊಲದೊಳಗೆ ಬಂತು. ಜೀಪು ಕಲ್ಲಿನ ಹತ್ತಿರ ಹೋಗಬೇಕಾಗಿತ್ತು. ಕಲ್ಲೇ ಜೀಪಿನ ಹತ್ತಿರ ಬಂತು.

ಅಷ್ಟರಲ್ಲಿ ಮೈದುನ ಕಬ್ಬು ಸರಿಸಿಕೊಂಡು ಹೊರಗೆ ಬಂದ. ಖಾಲಿ ತಗ್ಗನ್ನು ನೋಡಿದ, ಕಲ್ಲನ್ನು ನೋಡಿದ, ಹಿಡಿಕೆ ಹಿಡಿದು ನಿಂತ ಅಣ್ಣನನ್ನು ನೋಡಿದ. ಅವನ ಕುತ್ತಿಗೆಯ ನರ ಉಬ್ಬಿತು. ನಮ್ಮವರೂ ಎದೆ ಸೆಟೆಸಿದರು, ತಪ್ಪು ತಮ್ಮದೇ ಎಂದು ಗೊತ್ತಿದ್ದವರು ಸೆಟೆಯುವ ಹಾಗೆ. ನನಗೆ ಭಯವಾಯಿತು. ಬದುವಿನ ಕಲ್ಲಿಗಾಗಿ ತಲೆ ಒಡೆದುಕೊಂಡವರನ್ನು ನಾನು ಕಂಡಿದ್ದೆ.

ಅತ್ತೆ ಜೀಪಿನಿಂದ ಇಳಿದರು. ನಿರಿಗೆ ಎತ್ತಿ ಹಿಡಿದು, ಒಂದೊಂದೇ ಕಾಲು ಕಿತ್ತಿಡುತ್ತ ಇಬ್ಬರ ನಡುವೆ ಬಂದು ನಿಂತರು. ಹಿಂದಿನ ದಿನದಿಂದ ನೀರು ಕಾಣದ ತುಟಿ ಒಣಗಿ ಬೆಳ್ಳಗಾಗಿತ್ತು.

"ತಮ್ಮಾ, ನೀ ಎರಡ ಸಾಲ ಕೇಳಿದ್ದಿ. ನಾಕ ಬಂದಾವ ನೋಡು. ತಗೊ. ನನಗ ದರ್ಶನಕ್ಕ ಹೊತ್ತಾಗೈತಿ," ಎಂದರು ಮೈದುನನಿಗೆ.

ಅವನು ತಂದಿದ್ದ ಜಗಳಕ್ಕೆ ಜಾಗವೇ ಉಳಿಯಲಿಲ್ಲ. ದೊಡ್ಡವ್ವನ ಒಣಗಿದ ತುಟಿ ನೋಡಿದ.

"ನೀರ ಸುದ್ದಾ ಕುಡದಿಲ್ಲೇನ ದೊಡ್ಡವ್ವಾ?"

"ದರ್ಶನ ಆಗಲಾರದ ಹ್ಯಾಂಗ ಕುಡೀಲಿ?"

ಅವನು ತಿರುಗಿ ಹೊರಟುಹೋದ. ಸಿಟ್ಟಿನಿಂದ ಹೋದನೆಂದುಕೊಂಡೆವು. ಆಮೇಲೆ ಟ್ರ್ಯಾಕ್ಟರಿನ ಸದ್ದು ಹತ್ತಿರ ಬಂತು.

ಸರಪಳಿ ಕಟ್ಟಿ ಜೀಪು ಎಳೆಯುವಾಗಲೂ ಅಣ್ಣತಮ್ಮಂದಿರು ಮಾತಾಡಲಿಲ್ಲ. "ವೈನಿ, ಗೇರ ತಗೀರಿ ಅಂತ ಹೇಳ್ರಿ ಅವರಿಗೆ," ಎಂದ ಮೈದುನ ನನ್ನ ಕಡೆ ತಿರುಗಿ. "ತಗದೈತಿ ಅಂತ ಹೇಳು," ಎಂದರು ಇವರು. ಇಬ್ಬರೂ ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿದ್ದರು. ನಡುವೆ ನಿಂತು ಎರಡು ಕಡೆಗೂ ಮಾತು ಮುಟ್ಟಿಸುವುದು ನನ್ನ ಪಾಲಿಗೆ ಬಂತು.

ದರ್ಶನವಾಯಿತು. ನಾವು ತಿರುಗಿ ಬರುವಾಗಲೂ ಮೈದುನ ಅಲ್ಲೇ ನಿಂತಿದ್ದ, ಮತ್ತೆ ಸಿಕ್ಕಿಕೊಂಡೇವು ಎಂದು. ಮತ್ತೆ ಎಳೆದು ದಾಟಿಸಿದ. ಮನೆ ಮುಟ್ಟಿದಾಗ ಸೂರ್ಯ ಕಬ್ಬಿನ ಸುಳಿಗಳ ಮೇಲೆ ಕೂತಿದ್ದ. ನಾನು ಓಡಿಹೋಗಿ ರೊಟ್ಟಿ, ಹೆಸರುಕಾಳಿನ ಪಲ್ಲೆ, ಹಾಲು, ಸೋಸಿ ಕಾಯಿಸಿದ ನೀರು ತಂದು ಪಡಸಾಲೆಯಲ್ಲಿ ಅತ್ತೆಯ ಮುಂದಿಟ್ಟೆ. ಅತ್ತೆ ಕೂತರು. ಕೈ ಮಾತ್ರ ಮಡಿಲಲ್ಲೇ ಇತ್ತು.

"ಅವ ಉಂಡನೇನ?" ಎಂದರು.

"ಯಾರ, ಅತ್ತೀ?"

"ಮಧ್ಯಾಹ್ನದಿಂದ ನಮ್ಮ ಕೆಸರಿನ್ಯಾಗ ನಿಂತಾನಲ್ಲ, ಅವ. ಅವನೂ ಹೊತ್ತ ಮುಳುಗೂದ್ರಾಗ ಉಣ್ಣಾವ." ಮಗನ ಕಡೆ ನೋಡಿದರು. "ಹೋಗಿ ಕರಿ."

"ನಾ ಕರದ್ರ ಬರತಾನೇನವ್ವಾ?"

"ಕರದ ನೋಡು."

"ನಾ ಹೋಗಿ ಕರದ ಬರ್ತೀನ್ರಿ, ಅತ್ತೀ," ಎಂದೆ.

"ನೀ ಬ್ಯಾಡ."

ನಮ್ಮವರು ಕಂಬ ಹಿಡಿದು ನಿಂತೇ ಇದ್ದರು. ಸೂರ್ಯ ಸುಳಿಗಳ ನಡುವೆ ಇಳಿಯತೊಡಗಿದ. ಕುಡಿಯದ ನೀರು ತಂಬಿಗೆಯಲ್ಲಿತ್ತು. ಅವರ ಮೇಲೆ ಆ ಹೊತ್ತಿನಲ್ಲಿ ನನಗೆ ಬಂದಷ್ಟು ಸಿಟ್ಟು ಆಮೇಲೆ ಎಂದೂ ಬಂದಿಲ್ಲ. ಅವರು ಒಮ್ಮೆ ತಾಯಿಯ ತುಟಿ ನೋಡಿದರು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕಿಳಿದು ಬದುವಿನ ಕಡೆ ಹೋದರು. ಅಲ್ಲಿಂದ ಅವರ ದನಿ ಕೇಳಿತು.

"ಬಾರಲೇ, ಹೊತ್ತ ಮುಳಗತೈತಿ. ಅವ್ವ ನಿನ್ನ ಸಲುವಾಗಿ ನೀರ ಮುಟ್ಟವಲ್ಲಳು."

ಟ್ರ್ಯಾಕ್ಟರಿನ ಸದ್ದು ನಿಂತಿತು. ಕೆಸರಿನಲ್ಲಿ ಇಬ್ಬರ ಹೆಜ್ಜೆ ಹತ್ತಿರ ಬರುವುದು ಕೇಳಿದ ಮೇಲೆ ಅತ್ತೆ ತಂಬಿಗೆ ಎತ್ತಿದರು.

ಎರಡನೆಯ ಸಲ ವಿಂಚು ಎಳೆದದ್ದು ನೆಲ ಆರಿದ ಮೇಲೆ. ಬದುವಿನ ಆಚೆ ಜೀಪು ನಿಲ್ಲಿಸಿ, ಅದರ ಹಿಂಬದಿಯನ್ನು ಟ್ರ್ಯಾಕ್ಟರಿಗೆ ಬಿಗಿದು, ಹಗ್ಗವನ್ನು ಕಲ್ಲಿಗೆ ಕಟ್ಟಿದರು. ಒಂದು ಹಿಡಿಕೆಗೆ ಅಣ್ಣ, ಒಂದು ಹಿಡಿಕೆಗೆ ತಮ್ಮ. ಕಲ್ಲು ಬದುವಿನ ಕಡೆ ಸರಿಯತೊಡಗಿತು. ಹಳೆಯ ತಗ್ಗು ಇನ್ನೂ ತಮ್ಮ ಕೇಳಿದ್ದ ಆ ಎರಡು ಸಾಲು ದೂರವಿರುವಾಗಲೇ ನಮ್ಮವರು ಹಿಡಿಕೆ ಬಿಟ್ಟು ದೂರ ಸರಿದು ನಿಂತರು. ಮೈದುನ ಬಿಡಲಿಲ್ಲ. ಒಬ್ಬನೇ ತಿರುಗಿಸುತ್ತ ಕಲ್ಲನ್ನು ಹಳೆಯ ತಗ್ಗಿಗೇ ತಂದು ನಿಲ್ಲಿಸಿದ.