ಎರಡೂವರೆ ನೂಲು

ನಮ್ಮ ಮನೆಯಲ್ಲಿ ನೂಲು ಎಂಬ ಮಾತಿಗೆ ಎರಡು ಅರ್ಥಗಳಿದ್ದವು. ಮಗ್ಗಕ್ಕೆ ಬರುವ ನೂಲು ಒಂದು. ಅದು ಎಲ್ಲರಿಗೂ ತಿಳಿದದ್ದು. ಇನ್ನೊಂದು ವರ್ಕ್‌ಶಾಪಿನ ನೂಲು. ಒಂದು ಅಂಗುಲವನ್ನು ಎಂಟು ಪಾಲು ಮಾಡಿದರೆ ಅದರ ಒಂದು ಪಾಲನ್ನು ಕೊಯಮತ್ತೂರಿನ ಕಡೆ ನೂಲು ಎನ್ನುತ್ತಾರೆ. ಮೂರು ನೂಲಿನ ಬೋಲ್ಟು, ನಾಲ್ಕು ನೂಲಿನ ಬೋಲ್ಟು ಎಂದು ಕೇಳಿದರೆ ಅಂಗಡಿಯವರು ಅಳೆಯದೆಯೇ ತೆಗೆದುಕೊಡುತ್ತಾರೆ. ನನ್ನ ಚಿಕ್ಕಪ್ಪನ ಬಾಯಲ್ಲಿ ಎರಡು ನೂಲೂ ಓಡಾಡುತ್ತಿದ್ದವು, ಏಕೆಂದರೆ ಅವರು ಬೆಳಿಗ್ಗೆ ಚಿಕ್ಕಮ್ಮನ ಮಗ್ಗಕ್ಕೆ ನೂಲು ತಂದುಕೊಟ್ಟು, ಆಮೇಲೆ ಅನ್ನೂರು ರಸ್ತೆಯ ವರ್ಕ್‌ಶಾಪಿಗೆ ಟೌನ್ ಬಸ್ಸು ಹಿಡಿಯುತ್ತಿದ್ದರು. ಈ ಎರಡು ಅರ್ಥಗಳ ಸಂದಿನಲ್ಲಿ ನಾನು ಒಂದು ಸುಳ್ಳನ್ನು ತೂರಿಸಿದ್ದೇನೆ. ಅದನ್ನು ಆದಷ್ಟು ಸರಿಯಾಗಿ ಬರೆಯಲು ಪ್ರಯತ್ನಿಸುತ್ತೇನೆ.

ಆ ವರ್ಕ್‌ಶಾಪಿನಲ್ಲಿ ಹಳೆಯ ಗಿರಣಿ ಯಂತ್ರಗಳಿಗೆ ಬಿಡಿಭಾಗಗಳನ್ನು ಮಾಡುತ್ತಿದ್ದರು. ಡ್ರಿಲ್ಲಿಂಗ್ ಯಂತ್ರ ತೂತು ಕೊರೆಯುತ್ತಿತ್ತು. ಆ ತೂತಿನೊಳಗೆ ಬೋಲ್ಟು ಕೂರಲು ಬೇಕಾದ ಸುತ್ತುಗಳನ್ನು ಕೊಯ್ಯುವುದು ಚಿಕ್ಕಪ್ಪನ ಕೆಲಸವಾಗಿತ್ತು. ಆ ಸುತ್ತುಗಳಿಗೆ ನಾವು ಮರೆ ಎನ್ನುತ್ತೇವೆ. ತಲೆಮಾರುಗಳ ಹಿಂದೆ ತಮಿಳುನಾಡಿಗೆ ಬಂದು ನೆಲೆಸಿದ ನೇಕಾರರಾದ ನಮ್ಮ ಮನೆಮಾತು ಕನ್ನಡ, ಅದಕ್ಕೆ ತಮಿಳಿನಿಂದ ಬಂದ ಪದ ಇದು. ಮೈತುಂಬ ಹಲ್ಲುಗಳಿರುವ ಟ್ಯಾಪು ಎಂಬ ಉಕ್ಕಿನ ಕಡ್ಡಿಯನ್ನು ಎರಡು ಕೈಯ ಹಿಡಿಗೆ ಸಿಕ್ಕಿಸಿ ತೂತಿನೊಳಗೆ ತಿರುಗಿಸಬೇಕು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವುದನ್ನು ಮರೆತರೆ ಕೊಯ್ದ ಪುಡಿ ಕಚ್ಚಿಕೊಂಡು ಟ್ಯಾಪು ತೂತಿನಲ್ಲೇ ಮುರಿಯುತ್ತದೆ. ಕಿಟಕಿಯ ಪಕ್ಕದಲ್ಲಿ, ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸಿನ ಮುಂದೆ ಅವರು ಇಪ್ಪತ್ತೆರಡು ವರ್ಷ ಹೀಗೆಯೇ ನಿಂತಿದ್ದರು. ಆ ಜಾಗದಲ್ಲಿ ಬೇರೆ ಯಾರೂ ನಿಲ್ಲುತ್ತಿರಲಿಲ್ಲ. ಅವರು ರಜೆಯಲ್ಲಿದ್ದ ದಿನ ಅದು ಖಾಲಿಯೇ ಇರುತ್ತಿತ್ತು.

ನಮ್ಮ ಎರಡು ಮನೆಗಳಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಓದು ಮುಗಿದು ಒಂದು ವರ್ಷವಾದರೂ ಕೆಲಸ ಸಿಗದಿದ್ದಾಗ ಮಾಲೀಕರಲ್ಲಿ ಕೇಳಿ ನನ್ನನ್ನು ಸೇರಿಸಿದವರು ಚಿಕ್ಕಪ್ಪ. ತಯಾರಾದ ಪೀಸುಗಳನ್ನು ಅಳೆದು, ಸರಿಯಿದೆ ಅಥವಾ ಸರಿಯಿಲ್ಲ ಎಂದು ಬರೆಯುವ ಕೆಲಸ. ಮೊದಲ ಆರು ತಿಂಗಳು ತಾತ್ಕಾಲಿಕ. ಮಾಲೀಕರಿಗೆ ಒಪ್ಪಿಗೆಯಾದರೆ ಮಾತ್ರ ಖಾಯಂ.

ಮೊದಲ ವಾರ, ಪುಸ್ತಕದಲ್ಲಿ ಓದಿದ್ದನ್ನು ಕೈಯಲ್ಲೂ ಮಾಡಿ ತಿಳಿಯಬೇಕೆಂದು ಚಿಕ್ಕಪ್ಪನಿಂದ ಹಿಡಿ ಕೇಳಿ ಪಡೆದೆ. ಮೂರನೆಯ ಸುತ್ತಿಗೆ ಟ್ಯಾಪು ಮುರಿಯಿತು. ಅವರು ಬೈಯಲಿಲ್ಲ. ಮುರಿದ ತುಂಡಿಗೆ ಮಗ್ಗದ ಅರಿಶಿನ ಬಣ್ಣದ ನೂಲು ಕಟ್ಟಿ, ನನ್ನ ಮೇಜಿನ ಮೇಲಿನ ಟ್ಯೂಬ್‌ಲೈಟಿನಿಂದ ಇಳಿಬಿಟ್ಟರು.

"ಎಂಜಿನಿಯರ್ ಮೇಡಂಗೆ ತಾಳಿ ಆಯಿತು, ಸಿಹಿ ಎಲ್ಲಿ?" ಎಂದರು ಲೇತ್ ಯಂತ್ರದ ಹಿರಿಯರು. ಅಲ್ಲಿ ಎಲ್ಲರ ಮಾತೂ ತಮಿಳು. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇಲ್ಲೇ ತೂಗ್ಲಿ ಅಮ್ಮಿಣಿ," ಎಂದು ಚಿಕ್ಕಪ್ಪ, ಮನೆಯಲ್ಲಿ ನನ್ನನ್ನು ಕರೆಯುವ ಮುದ್ದಿನ ಮಾತು ಹಿಡಿದು, ನಮ್ಮ ಕನ್ನಡದಲ್ಲಿ ಹೇಳಿದರು. "ತೆಗೆದ್ರೆ ಇನ್ನೊಂದು ಮುರೀತೀಯೆ."

ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವರು ಅವರೇ. ತಲೆ ಎತ್ತಿದಾಗಲೆಲ್ಲ ಆ ತುಂಡು ಹಣೆಯ ಮುಂದೆ ತೂಗುತ್ತಿತ್ತು. ಆ ನಗೆಯನ್ನು ನಾನು ಮರೆಯಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಐದನೆಯ ತಿಂಗಳಿನಲ್ಲಿ ಒಂದು ನೂಲಿನ ಗಿರಣಿಯಿಂದ ನಲವತ್ತು ಬೀಡುಕಬ್ಬಿಣದ ಬ್ರಾಕೆಟ್ಟುಗಳಿಗೆ ಆರ್ಡರು ಬಂತು. ಗಿರಣಿಯ ಫಿಟ್ಟರು ರಟ್ಟಿನ ತುಂಡಿನ ಮೇಲೆ ನಕ್ಷೆ ಬರೆದು, ತೂತಿನ ಪಕ್ಕ 8 ಎಂದು ಗೀಚಿದ್ದರು. ಜೊತೆಗೆ ಹಳೆಯ ಬೋಲ್ಟೊಂದನ್ನು ಚಿಕ್ಕಪ್ಪನ ಕೈಗೆ ಕೊಟ್ಟುಹೋಗಿದ್ದರು. ನಾನು ಆ ರಟ್ಟನ್ನು ನೋಡಿ ಕಂಪ್ಯೂಟರಿನಲ್ಲಿ ನೀಟಾದ ನಕ್ಷೆ ಮಾಡಿ, ಎಂಟು ಮಿಲಿಮೀಟರಿನ ಮರೆ ಎಂದು ನಮೂದಿಸಿದೆ. ಬೋಲ್ಟನ್ನು ಕೇಳಲಿಲ್ಲ. ಚಿಕ್ಕಪ್ಪ ನನ್ನ ನಕ್ಷೆಯನ್ನು ಕೇಳಲಿಲ್ಲ. ಅವರು ಬೋಲ್ಟನ್ನು ನೋಡಿಯೇ ನಲವತ್ತಕ್ಕೂ ಮರೆ ಹಾಕಿ ಮುಗಿಸಿದರು.

ನಾನು ಮರೆ ಅಳೆಯುವ ಎಂಟು ಮಿಲಿಮೀಟರಿನ ಗೇಜು ಹಿಡಿದು ಹೋದಾಗ ಮಾಲೀಕರೂ ಬಂದು ನಿಂತರು. ಗೇಜಿಗೆ ಎರಡು ತುದಿಗಳಿರುತ್ತವೆ. ಒಂದು ತುದಿ ತೂತಿನೊಳಗೆ ಸಲೀಸಾಗಿ ಇಳಿಯಬೇಕು, ಇನ್ನೊಂದು ಇಳಿಯಬಾರದು. ಇಳಿಯಬೇಕಾದ ತುದಿ ಒಂದೂವರೆ ಸುತ್ತು ಹೋಗಿ ನಿಂತಿತು. ಎರಡನೆಯ ಪೀಸು ನೋಡಿದೆ. ಮೂರನೆಯದನ್ನೂ ನೋಡಿದೆ.

"ಹೋಗುತ್ತಿಲ್ಲವಾ?" ಎಂದರು ಮಾಲೀಕರು.

"ಇಲ್ಲ, ಸರ್."

ಮಾಲೀಕರು ಚಿಕ್ಕಪ್ಪನಿಗಿಂತ ಹತ್ತು ವರ್ಷ ಕಿರಿಯರು. "ಮೊದಲು ಹೋದದ್ದು ನಿನ್ನ ಕಣ್ಣೋ, ಕೈಯೋ?" ಎಂದು ಅವರನ್ನು ಕೇಳಿದರು. ಲೇತಿನ ಕಡೆಯಿಂದ ಯಾರೋ ನಕ್ಕರು. "ಇಲ್ಲ, ತಿಳಿದುಕೊಳ್ಳೋಣ ಅಂತ. ಕಣ್ಣಾದರೆ ಕನ್ನಡಕ ಕೊಡಿಸಬಹುದು. ಕೈಯಾದರೆ ಏನು ಮಾಡುವುದು?"

ಚಿಕ್ಕಪ್ಪ ಬ್ರಾಕೆಟ್ಟನ್ನು ಬಟ್ಟೆಯಿಂದ ಒರೆಸುತ್ತ, ನನ್ನ ಮುಖ ನೋಡದೆ, ನಮ್ಮ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: "ಅಮ್ಮಿಣಿ, ಇದು ನೂಲು. ಹಳೇದ ಹಾಕಿ ನೋಡು." ಮತ್ತೊಮ್ಮೆ ಹೇಳಿದರು: "ನೂಲು. ಹಳೇದ ಹಾಕಿ ನೋಡಿ ಆಮೇಲೆ ಮಾತಾಡು."

ಅವರು ತಮಿಳಿನಲ್ಲಿ ಹೇಳಿದ್ದರೆ, ಓದಿದ ಹುಡುಗಿ ಅಂಗುಲದ ಮರೆಗೂ ಮಿಲಿಮೀಟರಿನ ಮರೆಗೂ ವ್ಯತ್ಯಾಸ ತಿಳಿಯದವಳು ಎಂದು ಅಲ್ಲಿದ್ದವರೆಲ್ಲರಿಗೂ ಗೊತ್ತಾಗುತ್ತಿತ್ತು. ಅದಕ್ಕಾಗಿಯೇ ಕನ್ನಡದಲ್ಲಿ ಹೇಳಿದರು. ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಬರೆಯುವುದು ಸುಲಭವಾಗಿತ್ತು, ಆದರೆ ಅರ್ಥವಾಯಿತು. ಮಾಲೀಕರು ನನ್ನ ಮುಖವನ್ನೇ ನೋಡುತ್ತಿದ್ದರು.

"ಮರೆ ತಪ್ಪಾಗಿದೆ, ಸರ್," ಎಂದೆ. "ಎಲ್ಲವೂ ರಿಜೆಕ್ಟ್."

"ಸರಿ. ಇನ್ನು ಟ್ಯಾಪಿಂಗ್ ಎಲ್ಲ ಮಿಷಿನ್ನಲ್ಲಿ," ಎಂದು ಮಾಲೀಕರು ಚಿಕ್ಕಪ್ಪನ ಕಡೆ ತಿರುಗಿದರು. "ನೀನು ಪೇಂಟು ಡಬ್ಬಿ ಹಿಡಿ. ಮೇಡಂ ಬೇಡ ಅಂದ ಪೀಸಿಗೆಲ್ಲ ಕೆಂಪು ಹಚ್ಚು. ಅಭ್ಯಾಸಕ್ಕೆ ಮೊದಲು ನಿನ್ನವೇ ನಲವತ್ತಿವೆ."

ಚಿಕ್ಕಪ್ಪ ಅಂದು ಮಧ್ಯಾಹ್ನವೆಲ್ಲ ನೆಲದ ಮೇಲೆ ಕುಳಿತು ತಾವೇ ಮಾಡಿದ ಪೀಸುಗಳಿಗೆ ಕೆಂಪು ಬಣ್ಣ ಹಚ್ಚಿ ಗೋಡೆಯ ಬದಿಗೆ ಒಟ್ಟಿದರು. ಕೆಲಸ ಬಿಡುವ ಹೊತ್ತಿಗೆ ನಾನು ಅವರ ಸಾಮಾನಿನ ಡಬ್ಬಿಯಿಂದ ಆ ಹಳೆಯ ಬೋಲ್ಟನ್ನು ತೆಗೆದೆ. ಬೋಲ್ಟನ್ನೂ ಟ್ಯಾಪನ್ನೂ ಹಲ್ಲಿಗೆ ಹಲ್ಲು ಸೇರಿಸಿ ಕಿಟಕಿಯ ಬೆಳಕಿಗೆ ಹಿಡಿಯುವುದು ಅವರ ಪದ್ಧತಿ. ಎಂಟು ಮಿಲಿಮೀಟರಿನ ಟ್ಯಾಪು ಹಿಡಿದೆ. ಸಂದುಗಳಲ್ಲಿ ಬೆಳಕು ನುಸುಳಿತು. ಎರಡೂವರೆ ನೂಲಿನ ಟ್ಯಾಪು ಹಿಡಿದೆ. ಎಲ್ಲೂ ಬೆಳಕು ಬರಲಿಲ್ಲ. ಎರಡೂವರೆ ನೂಲು ಎಂದರೆ ದಪ್ಪದಲ್ಲಿ ಹೆಚ್ಚುಕಡಿಮೆ ಎಂಟು ಮಿಲಿಮೀಟರೇ, ಬೇರೆಯಾಗಿದ್ದದ್ದು ಹಲ್ಲುಗಳ ಅಂತರ.

ಬಸ್ ಸ್ಟಾಪಿನಲ್ಲಿ ಚಿಕ್ಕಪ್ಪ ಕೇಳಿದರು: "ನೋಡಿದ್ಯಾ?"

"ನೋಡ್ದೆ."

"ಸೆರಿ. ನಾಳೆ ನೀನೇ ಕಂಡುಹಿಡಿದಂಗೆ ಹೇಳ್ಬಿಡು. ನಾ ಹೇಳಿದ್ರೆ ನಿನ್ನ ಓದು ನಗೆಪಾಟ್ಲಾಗ್ತದೆ. ನಂಗೆ ನನ್ನ ವೈಸ್ ಸಿಕ್ಕಿದ್ರೆ ಸಾಕು."

"ಹೇಳ್ತೀನಿ ಚಿಕ್ಕಪ್ಪ."

ಮರುದಿನ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಸಂಜೆ ಅವರು, "ಹೇಳಿದ್ಯಾ?" ಎಂದಾಗ, "ಮಾಲೀಕರು ಇವತ್ತು ಬರ್ಲಿಲ್ಲ," ಎಂದೆ. ಮಧ್ಯಾಹ್ನ ಮಾಲೀಕರು ನನ್ನ ಮೇಜಿನ ಪಕ್ಕದಲ್ಲೇ ನಿಂತು ಟೀ ಕುಡಿದದ್ದನ್ನು ಅವರು ನೋಡಿದ್ದರು. "ಓ," ಎಂದರು, ಅಷ್ಟೇ. ಮೂರನೆಯ ಸಂಜೆಯಿಂದ ಕೇಳುವುದನ್ನು ಬಿಟ್ಟರು. ಈ ನಡುವೆ ಹೊಸ ನಲವತ್ತು ಬ್ರಾಕೆಟ್ಟುಗಳಿಗೆ ಯಂತ್ರವು ಎಂಟು ಮಿಲಿಮೀಟರಿನ ಮರೆ ಹಾಕಿತು. ಗೇಜು ಪ್ರತಿಯೊಂದರಲ್ಲೂ ಸಲೀಸಾಗಿ ಇಳಿಯಿತು. ಅವು ಗಿರಣಿಗೆ ಕೂರುವುದಿಲ್ಲವೆಂದು ತಿಳಿದೇ ನಾನು ಪ್ರತಿಯೊಂದಕ್ಕೂ ಸರಿಯಿದೆ ಎಂದು ಸಹಿ ಹಾಕಿದೆ. ನಕ್ಷೆಯ ಪ್ರಕಾರ ಅವು ಸರಿಯಾಗಿಯೇ ಇದ್ದವು ಎಂದು ನನಗೆ ನಾನೇ ಹೇಳಿಕೊಂಡೆ.

ಒಂಬತ್ತನೆಯ ದಿನ ಗಿರಣಿಯ ಫಿಟ್ಟರು ಆ ನಲವತ್ತನ್ನೂ ಗೋಣಿಚೀಲದಲ್ಲಿ ವಾಪಸ್ಸು ತಂದು ನೆಲದ ಮೇಲೆ ಸುರಿದರು. ತಮ್ಮ ಜೇಬಿನ ಬೋಲ್ಟೊಂದನ್ನು ಒಂದರಲ್ಲಿ ತಿರುಗಿಸಿ ತೋರಿಸಿದರು. ಎರಡು ಸುತ್ತಿಗೆ ಅದು ಕಚ್ಚಿ ನಿಂತಿತು.

"ನಮ್ಮ ಮಿಷಿನ್ ನಿಮ್ಮ ಮೇಡಂ ಅವರ ಅಜ್ಜಿಗಿಂತ ಹಳೆಯದು," ಎಂದರು. "ಎಮ್ಮೆಮ್ ಅಂದರೆ ಅದಕ್ಕೆ ಕಿವಿ ಕೇಳುವುದಿಲ್ಲ."

ಗೋಡೆಯ ಬದಿಯ ಕೆಂಪು ರಾಶಿ ಅವರ ಕಣ್ಣಿಗೆ ಬಿತ್ತು. ಒಂದನ್ನೆತ್ತಿ, ತೂತಿನ ಬಾಯಿಯ ಬಣ್ಣವನ್ನು ಉಗುರಿನಿಂದ ಕೆರೆದು, ಬೋಲ್ಟನ್ನು ಇಟ್ಟರು. ಅದು ಎರಡು ಬೆರಳಿನ ತಿರುಗಣೆಗೇ ತಳದವರೆಗೆ ಇಳಿಯಿತು. "ಇದನ್ನು ಮಾಡಿಟ್ಟುಕೊಂಡು ಅದನ್ನು ಯಾಕ್ರೀ ಕಳಿಸಿದಿರಿ?" ಎಂದು ಕೆಂಪು ಪೀಸುಗಳನ್ನೇ ಚೀಲಕ್ಕೆ ತುಂಬಿಸಿಕೊಂಡು ಹೊರಟುಹೋದರು.

ಮಾಲೀಕರು ಎಲ್ಲರನ್ನೂ ಕರೆದರು. "ಇದು ನೂಲಿನ ಮರೆ ಅಂತ ಗೊತ್ತಿದ್ದವರು ಯಾಕೆ ಬಾಯಿ ಬಿಡಲಿಲ್ಲ?"

ಲೇತಿನ ಹಿರಿಯರು ಎಂದರು: "ಅವತ್ತು ಇವರು ಮೇಡಂಗೆ ಅವರ ಭಾಷೆಯಲ್ಲಿ ಏನೋ ಹೇಳಿದರು. ನೂಲು ಅಂದದ್ದು ನನ್ನ ಕಿವಿಗೂ ಬಿತ್ತು."

"ಹೇಳಿದೆ," ಎಂದು ಚಿಕ್ಕಪ್ಪ ತಮಿಳಿನಲ್ಲಿ ಆರಂಭಿಸಿದರು.

"ನೀನು ಸುಮ್ಮನಿರು. ಈಗ ನೀನು ಏನು ಬೇಕಾದರೂ ಹೇಳುತ್ತೀ. ಓದಿದವರು ಹೇಳಲಿ." ಮಾಲೀಕರು ನನ್ನ ಕಡೆ ತಿರುಗಿದರು. "ಮೇಡಂ, ನಿಮ್ಮ ಭಾಷೆಯಲ್ಲಿ ಅವತ್ತು ಇವನು ಏನಂದ?"

ಅಲ್ಲಿದ್ದವರಲ್ಲಿ ಕನ್ನಡ ತಿಳಿದವರು ನಾವಿಬ್ಬರೇ. ನನಗೆ ಖಾಯಂ ಆದೇಶ ಬರಲು ಇನ್ನು ಮೂರು ವಾರಗಳಿದ್ದವು. ನಿಜ ಹೇಳಿದ್ದರೆ ಅಂದೇ ಚಿಕ್ಕಪ್ಪ ಕಿಟಕಿಯ ಪಕ್ಕದ ವೈಸಿಗೆ ಮರಳುತ್ತಿದ್ದರು.

ಕಾಲೇಜಿನಲ್ಲಿ ಕಲಿತ ಶುದ್ಧ ತಮಿಳಿನಲ್ಲಿ ನಾನು ಹೇಳಿದೆ: "ಮಗ್ಗಕ್ಕೆ ಹೊಸ ನೂಲು ಬಂದಿಲ್ಲ, ಹಳೆಯದನ್ನೇ ಹಾಕಿ ನೋಡಬೇಕು ಎಂದರು, ಸರ್. ಅದು ಮನೆಯ ವಿಷಯ."

ನೂಲು ಇತ್ತು, ಹಳೆಯದು ಇತ್ತು, ಹಾಕಿ ನೋಡುವುದೂ ಇತ್ತು. ಒಂದು ಪದವನ್ನೂ ನಾನು ಬಿಟ್ಟಿರಲಿಲ್ಲ.

"ಮಗ್ಗ," ಎಂದರು ಮಾಲೀಕರು. "ನಾನು ಸಂಬಳ ಕೊಡುವುದು ಇವನ ಹೆಂಡತಿಯ ಮಗ್ಗದ ಚಿಂತೆಗೆ." ಎಲ್ಲರೂ ನಕ್ಕರು. ಅವರಲ್ಲಿ ಲೇತಿನ ಹಿರಿಯರೂ ಇದ್ದರು.

ಚಿಕ್ಕಪ್ಪ ಆಗ ನನ್ನನ್ನು ನೇರವಾಗಿ ನೋಡಿ ನಮ್ಮ ಕನ್ನಡದಲ್ಲಿ ಹೇಳಿದರು: "ಒಳ್ಳೇ ಓದು ಓದಿದ್ಯೆ, ಅಮ್ಮಿಣಿ."

"ಈಗ ಏನಂದ?"

"ತಪ್ಪಾಯಿತು ಎನ್ನುತ್ತಿದ್ದಾರೆ, ಸರ್."

ಚಿಕ್ಕಪ್ಪನ ತಮಿಳು ನನ್ನ ತಮಿಳಿಗಿಂತ ಉತ್ತಮ. ನಾನು ಮಾಡಿದ ಎರಡು ಅನುವಾದಗಳನ್ನೂ ಅವರು ಪೂರ್ತಿ ಕೇಳಿಸಿಕೊಂಡರು. ಅವರು ಬಾಯಿ ತೆರೆದಿದ್ದರೆ ಯಾರಾದರೊಬ್ಬರು ನಂಬುತ್ತಿದ್ದರೋ ಏನೋ. ತೆರೆಯಲಿಲ್ಲ. ಕುಂಚವನ್ನು ಡಬ್ಬಿಯಲ್ಲಿ ಅದ್ದಿ ತೆಗೆದು, ನೆಲದ ಮೇಲೆ ಸುರಿದಿದ್ದ ಪೀಸುಗಳನ್ನು ತೋರಿಸಿ, ತಮಿಳಿನಲ್ಲಿ, ಬಹುವಚನದಲ್ಲಿ ಕೇಳಿದರು: "ಮೇಡಂ, ನಿಮ್ಮ ಈ ನಲವತ್ತಕ್ಕೂ ಕೆಂಪು ತಾನೇ?"

ಹೌದು ಎಂದೆ.

ಮರುದಿನ ಊಟ ಮುಗಿಸಿ ಬಂದಾಗ ಟ್ಯೂಬ್‌ಲೈಟಿನಿಂದ ತೂಗುತ್ತಿದ್ದ ಮುರಿದ ಟ್ಯಾಪು ಇರಲಿಲ್ಲ. ಅರಿಶಿನ ನೂಲಿನ ಗಂಟು ಮಾತ್ರ ಉಳಿದಿತ್ತು. ನನಗೆ ಖಾಯಂ ಆದೇಶ ಬಂತು. ಕಿಟಕಿಯ ಪಕ್ಕದ ವೈಸನ್ನು ಬಿಚ್ಚಿ ಆ ಜಾಗದಲ್ಲಿ ಟ್ಯಾಪಿಂಗ್ ಯಂತ್ರ ನಿಲ್ಲಿಸಿದರು. ಚಿಕ್ಕಪ್ಪ ಇನ್ನೂ ಎರಡು ವರ್ಷ ಕೆಂಪು ಹಚ್ಚಿದರು. ನಾನು ಬೇಡವೆಂದ ಪ್ರತಿಯೊಂದು ಪೀಸಿಗೂ ಬಂದು, "ಕೆಂಪು ತಾನೇ, ಮೇಡಂ?" ಎಂದು ತಮಿಳಿನಲ್ಲಿ ಕೇಳಿ, ನಾನು ಬಾಯಿಬಿಟ್ಟು ಹೌದು ಎನ್ನುವವರೆಗೆ ನಿಂತಿರುತ್ತಿದ್ದರು. ತಲೆಯಾಡಿಸಿದರೆ ಸಾಲುತ್ತಿರಲಿಲ್ಲ. ಬಸ್ ಸ್ಟಾಪಿನಲ್ಲಿ ಅವರು ಮುಂದಿನ ಬಾಗಿಲಿನ ಕಡೆ ನಿಂತರೆ ನಾನು ಹಿಂದಿನ ಬಾಗಿಲಿನ ಕಡೆ ನಿಲ್ಲುತ್ತಿದ್ದೆ. ಅದಾದ ಮೇಲೆ ಅವರು ಕೆಲಸ ಬಿಟ್ಟು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಗೇಟಿನ ಕಾವಲಿಗೆ ಸೇರಿದರು.

ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ಆಮೇಲೆ, ಇಪ್ಪತ್ತೇಳನೆಯ ವಯಸ್ಸಿನಲ್ಲಿ. ನಿಘಂಟಿನಲ್ಲಿ ಮೊದಲು ಹುಡುಕಿದ ಪದ ಮರೆ. ನೆನಪು ತಪ್ಪುವುದು ಎಂದಿತ್ತು, ಕಾಣದಂತೆ ಅಡ್ಡವಾಗಿರುವುದು ಎಂದಿತ್ತು. ಬೋಲ್ಟಿನ ಅರ್ಥ ಇರಲಿಲ್ಲ. ಚಿಕ್ಕಪ್ಪನಿಗೆ ಈ ಅಕ್ಷರಗಳು ಬರುವುದಿಲ್ಲ. ನಮ್ಮ ಬೀದಿಯಲ್ಲಿ ಯಾರಿಗೂ ಬರುವುದಿಲ್ಲ. ಇದನ್ನೆಲ್ಲ ಬರೆಯುವ ಧೈರ್ಯ ನನಗೆ ಬಂದದ್ದು ಆ ಕಾರಣದಿಂದಲೇ ಇರಬಹುದು.

ಕಳೆದ ತಿಂಗಳು ಚಿಕ್ಕಪ್ಪ, ಚಿಕ್ಕಮ್ಮ ಮಗಳ ಮದುವೆಗೆ ಕರೆಯಲು ಬಂದಿದ್ದರು. ಚಿಕ್ಕಪ್ಪ ನನ್ನ ಅಪ್ಪ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು, ನಗುತ್ತಿದ್ದರು. ಏಳುವಾಗ ನನ್ನ ಕಡೆ ತಿರುಗಿ, ಕೈ ಮುಗಿದು, ತಮಿಳಿನಲ್ಲಿ ಹೇಳಿದರು: "ಮೇಡಂ, ನೀವೂ ಖಂಡಿತ ಬರಬೇಕು."

"ಇದೇನಪ್ಪ, ಮನೆ ಮಗೂ ಹತ್ರ ತಮಿಳು?" ಎಂದರು ಅಮ್ಮ.

ಚಿಕ್ಕಪ್ಪ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. "ಅವಳಿಗೆ ನಮ್ ಮಾತು ಸೆರಿಯಾಗಿ ತಿಳಿಯಲ್ಲ ಅತ್ತಿಗೆ," ಎಂದರು. "ಒಂದು ಸಲ ಹೇಳಿ ನೋಡಿದೀನಿ."