ಲಗ್ಗೆರೆ ದಾರಿಯ ಬಿದಿರುಮೆಳೆಯಲ್ಲಿ ಕಂಡ ಅಣಬೆಯ ಕುರಿತು

ಮಾನ್ಯ ಓದುಗರೇ, ಬಸ್ಸಿನಲ್ಲಿ ಕುಳಿತು ಬರೆಯುತ್ತಿರುವುದರಿಂದ ಅಕ್ಷರ ವಕ್ರವಾಗಿದ್ದಲ್ಲಿ, ಕಾಗುಣಿತ ತಪ್ಪಿದ್ದಲ್ಲಿ ಕ್ಷಮಿಸಬೇಕಾಗಿ ಮೊದಲಿಗೇ ಪ್ರಾರ್ಥಿಸುತ್ತೇನೆ.

ಪೀಣ್ಯದಿಂದ ಲಗ್ಗೆರೆಗೆ ಬಾಡಿಗೆ ಮನೆ ನೋಡಲು ನಡೆದು ಹೊರಟಿದ್ದ ನನಗೆ ಬಿದಿರುಮೆಳೆಯೊಳಗೆ ಒಂದು ಅಣಬೆ ಕಂಡುಬಂದಿತು. ಅದರ ಟೋಪಿಯಿಂದ ನೆಲದವರೆಗೆ ಬಿಳಿಯ ಬಲೆಯೊಂದು ಲಂಗದಂತೆ ಇಳಿಬಿದ್ದಿತ್ತು. ಇಲ್ಲಿ ಮನೆ ಸಿಗದ ಕಾರಣ ಊರಿನಲ್ಲೇ ಉಳಿದಿರುವ ನನ್ನ ಪತ್ನಿಯು ಬಾಲ್ಯದಲ್ಲಿ ಇಂಥದನ್ನು ಕಂಡಿದ್ದಳು. ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಕೊಳೆತ ವಾಸನೆಯೇ ಅದರ ಗುರುತೆಂದಿದ್ದಳು. ಬಗ್ಗಿ ಮೂಸಿದೆನು, ಸಂದೇಹ ಉಳಿಯಲಿಲ್ಲ.

"ಇಗೋ, ನೋಡೇ!" ಎಂದು ಬೆರಳು ಚಾಚಿದೆನು.

ಪಕ್ಕದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಕೂಗಿದರು: "ಬೆಟ್ಟು ಮಡಚ್ಕಳಿ ಸಾಮಿ! ನೆಟ್ಟಗ್ ತೋರ್ಸುದ್ರೆ ಬಾಡೋಯ್ತದೆ."

ಕುಂಬಳದ ಹೀಚಿಗೆ ನಮ್ಮೂರಲ್ಲೂ ಇದೇ ಪದ್ಧತಿ ಇರುವುದರಿಂದ ಕೂಡಲೇ ಮಡಚಿದೆನು.

"ಅದ್ಸರಿ, ಯಾರ್ಗ್ ತೋರುಸ್ತಾ ಇದ್ದೀರಿ?" ಎಂದು ಅವರು ನನ್ನ ಹಿಂದೆ ನೋಡಿ ನಕ್ಕರು. "ಅಲ್ ಯಾರೂ ಇಲ್ವಲ್ಲ!"

ಬಿಸಿಲೇರಿದರೆ ಅದು ತಾನಾಗಿಯೇ ಕುಸಿಯುವುದೆಂದೂ ತಿಳಿಸಿದರು.

ಲಗ್ಗೆರೆಯಲ್ಲಿ ಮನೆ ಸಿಗಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವು ತಿದ್ದಬೇಕು. ಬೆರಳಿಟ್ಟು ತೋರಿಸುವಾಗ ಮಾತ್ರ ದಯಮಾಡಿ ಮಡಚಿ ತೋರಿಸಬೇಕಾಗಿ ವಿನಂತಿ.