ಕಲ್ಲಮ್ಮ ವಾಪಸು ಕೇಳಿದ ಸರಗಳು

ಕಲ್ಲಮ್ಮನ ಸೊಂಟಕ್ಕೆ ಪೆಟ್ಟಾದದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ, ಕಾಫಿ ಹಣ್ಣಿನ ಚೀಲ ಹೊತ್ತು ಇಳಿಜಾರಿನಲ್ಲಿ ಜಾರಿಬಿದ್ದಾಗ. ಮೂರು ತಿಂಗಳು ಮಲಗಿ ಎದ್ದಮೇಲೆ ನಡೆಯುವುದೇನೋ ಬಂತು, ಬಗ್ಗುವುದು ಬರಲಿಲ್ಲ. ಬಗ್ಗಲಾಗದವಳಿಗೆ ತೋಟದಲ್ಲಿ ಕೆಲಸವೆಲ್ಲಿ? ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆ ಬದಿಯ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ, ಗಂಡ ಗುರುವ ಕೆಲಸಕ್ಕೆ ಹೊರಟಮೇಲೆ, ಗೋಡೆ ನೋಡುತ್ತ ಕೂರುವಂತಾಯಿತು. ನಲವತ್ತಾರು ವರ್ಷ. ಮಕ್ಕಳಿಲ್ಲ. ಒಂದು ದಿನವೂ ಸುಮ್ಮನೆ ಕೂತು ಗೊತ್ತಿಲ್ಲದ ಹೆಂಗಸು.

ಪಕ್ಕದ ಮನೆಯ ರೇಖಾ ಮತ್ತು ಅವಳ ಗಂಡ ವಿಜಯ ಇಬ್ಬರೂ ತೋಟಕ್ಕೆ ಹೋಗುವವರು. ಅವರ ಮಗಳು ನಯನಳಿಗೆ ಆಗಷ್ಟೇ ಎರಡು ತುಂಬಿತ್ತು. ಹಗಲಿಡೀ ಕೂಸನ್ನು ಕಲ್ಲಮ್ಮನ ಹತ್ತಿರ ಬಿಡತೊಡಗಿದರು. ಮೊದಲ ಸರ ಆದದ್ದು ಅದನ್ನು ರಮಿಸಲೆಂದೇ. ಹಳೆಯ ಮದುವೆ ಕಾಗದವನ್ನು ಉದ್ದಕ್ಕೆ ಸೀಳಿ, ಪೊರಕೆಯ ಹಂಚಿಕಡ್ಡಿಗೆ ಸುತ್ತಿ, ಮೈದಾ ಅಂಟು ಹಚ್ಚಿ ಒಣಗಿಸಿದರೆ ಮಣಿ. ಟೆಲಿಫೋನಿನವರು ರಸ್ತೆ ಅಗೆದು ಬಿಟ್ಟುಹೋದ ಕೇಬಲ್ ತುಂಡುಗಳೊಳಗೆ ನೀಲಿ, ಹಳದಿ, ಹಸಿರು ತಂತಿ. ಅದನ್ನು ಹೆಣೆದರೆ ಬಳೆ. ಲೈನಿನ ಹೆಂಗಸರು ನೋಡಿ ನಕ್ಕರು, ಆಮೇಲೆ ತಮಗೂ ಒಂದು ಬೇಕೆಂದರು. ಒಂದು ಭಾನುವಾರ ಗುರುವ ನಾಲ್ಕಾರು ಸರಗಳನ್ನು ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರದ ಫ್ಯಾನ್ಸಿ ಅಂಗಡಿಗೆ ಒಯ್ದು ಕೊಟ್ಟ. ಅಂಗಡಿಯ ತ್ರ್ಯಂಬಕ ಎಲ್ಲವನ್ನೂ ಇಟ್ಟುಕೊಂಡ.

ಮುಂದಿನ ಸಲ ಕಲ್ಲಮ್ಮನೇ ಹೋದಾಗ ಅವನೆಂದ, "ಕಾಗದದ್ದು ಬೆವರಿಗೆ ಮೆತ್ತಗಾಗ್ತದೆ ಮಾರಾಯ್ತಿ. ಕಾಡುಬೀಜದ್ದು ಮಾಡು. ಶೃಂಗೇರಿಗೆ ಬರೋ ಟೂರಿಸ್ಟ್‌ನವರಿಗೆ ಅಂಥದ್ದೇ ಬೇಕು."

ಕಾಡುಬೀಜವೆಂದರೆ ಕಲ್ಲಮ್ಮನಿಗೆ ನೆನಪಾದದ್ದು ಗುಲಗಂಜಿ. ಬೇಲಿಯ ಬಳ್ಳಿಯಲ್ಲಿ ಸಿಪ್ಪೆ ಒಡೆದು ನಗುವ ಕೆಂಪು ಕಾಳು, ತುದಿಗೆ ಕಾಡಿಗೆಯ ಬೊಟ್ಟು. ಚಿಕ್ಕಂದಿನಲ್ಲಿ ಅವಳೂ ತಂಗಿಯೂ ಪಂಥ ಕಟ್ಟಿ ಅದನ್ನು ನುಂಗಿದ್ದುಂಟು, ಏನೂ ಆಗಿರಲಿಲ್ಲ. ಕಾಳನ್ನು ನೀರಲ್ಲಿ ನೆನೆಹಾಕಿ, ಇಕ್ಕಳದಲ್ಲಿ ಹಿಡಿದು, ಕಾಯಿಸಿದ ಸೂಜಿಯಿಂದ ತೂತು ಮಾಡುವುದನ್ನು ತಾನಾಗಿಯೇ ಕಲಿತಳು. ಎರಡು ಚಳಿಗಾಲದಲ್ಲಿ ಮೂವತ್ತೊಂದು ಸರ ಮಾಡಿ, ಕೆಲವನ್ನು ತ್ರ್ಯಂಬಕನಿಗೆ ಕೊಟ್ಟಳು, ಕೆಲವನ್ನು ನರಸಿಂಹರಾಜಪುರದ ಸಂತೆಯಲ್ಲಿ ತಾನೇ ಮಾರಿದಳು. ಸೊಂಟ ಮುರಿದವಳು ಎಂದು ಮರುಗುತ್ತಿದ್ದವರು ಈಗ ಸರದ ಕಲ್ಲಮ್ಮ ಎಂದು ಕರೆಯುತ್ತಿದ್ದರು. ಹಾಗೆ ಕರೆಸಿಕೊಳ್ಳಲು ಅವಳಿಗೆ ಒಳಗೊಳಗೇ ಖುಷಿ.

ಎರಡು ಸಾವಿರದ ಐದರ ಫೆಬ್ರವರಿಯ ಒಂದು ಮಧ್ಯಾಹ್ನ ಅವಳು ಗಂಜಿ ಬಸಿಯಲು ಒಳಗೆ ಹೋಗಿದ್ದಳು. ಹೊರಗೆ ಬಂದಾಗ ನಯನ ಜಗಲಿಯಲ್ಲಿ ಕೂತು ಸರವೊಂದನ್ನು ಹರಿದು ಕಾಳು ಚೆಲ್ಲಾಡಿತ್ತು. ಬಾಯಿ ಆಡುತ್ತಿತ್ತು. ಕಲ್ಲಮ್ಮ ಬೆರಳು ಹಾಕಿ ಎರಡು ಕಾಳು ತೆಗೆದಳು. ಒಂದು ಅರ್ಧಕ್ಕೆ ಅಗಿದದ್ದು.

"ಥೂ ಕಳ್ಳಿ, ಇದನ್ನು ತಿಂತಾರಾ?" ಎಂದು ಬಾಯಿ ತೊಳೆಸಿದಳು. ಒಂದೆರಡು ಹೊಟ್ಟೆಗೆ ಹೋಗಿದ್ದರೂ ನಾಳೆ ಹೊರಗೆ ಬಂದೀತು ಎಂದುಕೊಂಡಳು. ಸಂಜೆ ರೇಖಾ ಬಂದು ಮಗಳನ್ನು ಎತ್ತಿಕೊಂಡಾಗ ಹೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ಹೇಳಲಿಲ್ಲ. ಕೂಸನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದಾಳು ಅನ್ನಿಸಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆಯಿಂದ ಕೂಸಿಗೆ ವಾಂತಿ. ಮಧ್ಯಾಹ್ನದ ಹೊತ್ತಿಗೆ ಭೇದಿಯಲ್ಲಿ ರಕ್ತ. ಎಸ್ಟೇಟಿನ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು, ಕಲ್ಲಮ್ಮನೂ ಹತ್ತಿದಳು. ಏನು ತಿಂದಿತ್ತು ಎಂದು ಡಾಕ್ಟರು ಕೇಳಿದರು.

"ಅನ್ನ, ಸಾರು. ಬೇರೆ ಎಂತದೂ ಇಲ್ಲ ಸರ್," ಎಂದಳು ರೇಖಾ.

ಕಲ್ಲಮ್ಮ ಮುಂದೆ ಬಂದಳು. "ಗುಲಗಂಜಿ," ಎಂದಳು. "ನಿನ್ನೆ ಮಧ್ಯಾಹ್ನ."

ರೇಖಾ ತಿರುಗಿ ನೋಡಿದಳು.

"ಇಡೀ ಕಾಳಾ? ತೂತು ಮಾಡಿದ್ದಾ?" ಡಾಕ್ಟರು ಕೇಳಿದರು.

"ತೂತು ಮಾಡಿದ್ದು. ನಾನೇ ಮಾಡಿದ್ದು. ಅಗಿದಿತ್ತು ಸರ್."

"ಇಡೀ ನುಂಗಿದ್ರೆ ಸಿಪ್ಪೆ ಗಟ್ಟಿ, ಹೆಚ್ಚಿನಂಶ ಹಾಗೇ ಹೊರಗೆ ಹೋಗ್ತದೆ. ತೂತು ಬಿದ್ರೆ ಒಳಗಿರೋದು ವಿಷ. ನಿನ್ನೆಯೇ ತಂದಿದ್ರೆ ಹೊಟ್ಟೆ ತೊಳೀಬಹುದಿತ್ತು."

ಶಿವಮೊಗ್ಗಕ್ಕೆ ಕಳಿಸಿದರು. ಮೂರನೆಯ ದಿನ ನಯನ ತೀರಿಕೊಂಡಿತು.

ಮಣ್ಣು ಮಾಡಿ ಬಂದಮೇಲೆ ಕಲ್ಲಮ್ಮ ಮನೆಯಲ್ಲಿದ್ದ ಕಾಳುಗಳನ್ನೆಲ್ಲ ಒಲೆಗೆ ಹಾಕಲು ಹೊರಟಳು. ಹೊಗೆ ಏನು ಮಾಡೀತೋ ಎಂದು ಹೆದರಿ ಹಿತ್ತಿಲಲ್ಲಿ ಆಳವಾದ ಗುಂಡಿ ತೆಗೆಸಿ ಹೂತಳು. ಆಮೇಲೆ ಗಂಡನ ಮುಂದೆ ಕೂತು, "ಮಾರಿದ್ದನ್ನೆಲ್ಲ ವಾಪಸು ತರ್ಬೇಕು," ಎಂದಳು.

"ಯಾರ್ಯಾರ ಮನೇಲಿದೆಯೋ ಎಂತೋ. ನಿನ್ನ ಸೊಂಟ ಏನಾಗ್ತದೆ?"

"ಕೊರಳಿಗೆ ಹಾಕ್ಕೊಂಡಿರೋ ಮಕ್ಕಳಿದ್ದಾರೆ," ಎಂದಳು ಕಲ್ಲಮ್ಮ.

ಬದಲಿಗೆ ಕೊಡಲು ಕಾಗದದ ಮಣಿಯ ಸರಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ನರಸಿಂಹರಾಜಪುರದ ಸಂತೆಯಲ್ಲಿ ಕೊಂಡವರ ಗುರುತು ಹಿಡಿದು, ವಿಚಾರಿಸಿ, ಒಂದೊಂದೇ ಮನೆಯ ಬಾಗಿಲಿಗೆ ಹೋದಳು. ಕಾರಣ ಹೇಳದೆ ಕೇಳಿದರೆ ಯಾರೂ ಕೊಡುತ್ತಿರಲಿಲ್ಲ. ಹಾಗಾಗಿ ಪ್ರತಿ ಬಾಗಿಲಲ್ಲೂ ಅದೇ ಮಾತು ಹೇಳಬೇಕಾಯಿತು: "ನಾನು ಮಾಡಿದ ಸರದ ಕಾಳು ತಿಂದು ಒಂದು ಕೂಸು ಸತ್ತಿದೆ." ಕೆಲವರು ಸರವನ್ನು ಅಲ್ಲೇ ಬಿಸಾಡಿದರು. ಒಬ್ಬಾಕೆ ಸರವನ್ನು ಅಂಗಳಕ್ಕೆಸೆದು ಅವಳ ಮುಖಕ್ಕೇ ಬಾಗಿಲು ಹಾಕಿದಳು. ಅಡಿಕೆ ತೋಟದ ಮನೆಯ ಸುಬ್ಬಲಕ್ಷ್ಮಮ್ಮ ಮಾತ್ರ ಜಗ್ಗಲಿಲ್ಲ.

"ಗುಲಗಂಜಿ ನಾವೆಷ್ಟು ನುಂಗಿಲ್ಲ, ಎಂತಾಗಿದೆ?"

"ನಾನೂ ಹಾಗೇ ಅಂದ್ಕೊಂಡಿದ್ದೆ ಅಮ್ಮ," ಎಂದು ಕಲ್ಲಮ್ಮ ಅಂಗಳದಲ್ಲೇ ನಿಂತಳು. ಬಿಸಿಲು ಏರಿತು, ಇಳಿಯಿತು. ಕೂರಲಿಲ್ಲ, ನೀರೂ ಕೇಳಲಿಲ್ಲ. ಕೊನೆಗೆ ಸುಬ್ಬಲಕ್ಷ್ಮಮ್ಮ ಮೊಮ್ಮಗಳ ಕೊರಳಿಂದ ಸರ ಬಿಚ್ಚಿ ತಂದು ಕೊಟ್ಟಳು.

ತ್ರ್ಯಂಬಕ ಅವಳನ್ನು ಕಂಡೊಡನೆ ಅಂಗಡಿಯ ಹಿಂದಕ್ಕೆ ಕರೆದ. "ಗಟ್ಟಿಯಾಗಿ ಹೇಳ್ಬೇಡ ಮಾರಾಯ್ತಿ, ನಂಗೂ ಹೆಸರು ಕೆಡ್ತದೆ." ಉಳಿದಿದ್ದನ್ನು ಕೊಟ್ಟ. ನಾಲ್ಕು ಸರ ಶೃಂಗೇರಿಗೆ ಹೊರಟಿದ್ದ ಯಾರೋ ಬಸ್ಸಿಳಿದು ಕೊಂಡಿದ್ದರು. ಯಾವ ಊರಿನವರೋ ಅವನಿಗೂ ಗೊತ್ತಿಲ್ಲ.

ನಯನ ಹರಿದದ್ದೂ ಸೇರಿ ಇಪ್ಪತ್ತೇಳು ಸರದ ಲೆಕ್ಕ ಸಿಕ್ಕಿತು. ನಾಲ್ಕು ಸಿಗಲಿಲ್ಲ.

ಏಪ್ರಿಲ್‌ನಲ್ಲಿ ರೇಖಾ, ವಿಜಯ ಬೇರೆ ಎಸ್ಟೇಟಿಗೆ ಹೊರಟರು. ಸಾಮಾನು ಹೇರಿದ ಪಿಕಪ್ ನಿಂತಿತ್ತು. ಅಷ್ಟು ದಿನ ಒಂದು ಮಾತೂ ಆಡದಿದ್ದ ರೇಖಾ ಜಗಲಿಯ ಕೆಳಗೆ ಬಂದು ನಿಂತಳು.

"ನಿಂಗೆ ಗೊತ್ತಿರ್ಲಿಲ್ಲ ಅಂತ ನಂಗೆ ಗೊತ್ತು ಕಲ್ಲಕ್ಕ. ಆದ್ರೆ ಆವತ್ತು ಸಂಜೆ ಹೇಳ್ಬಹುದಿತ್ತು."

"ಹೌದು," ಎಂದಳು ಕಲ್ಲಮ್ಮ. ರೇಖಾ ಹೋಗಿ ಗಾಡಿ ಹತ್ತಿದಳು.

ಕಲ್ಲಮ್ಮ ಮತ್ತೆ ಏನನ್ನೂ ಪೋಣಿಸಲಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದರೆ ಹೋಗುತ್ತಿದ್ದಳು. ಎರಡು ವರ್ಷದ ನಂತರ ಶೃಂಗೇರಿ ಬಸ್ಸಿನಲ್ಲಿ ಎದುರು ಸೀಟಿನ ಮಗುವಿನ ಕೊರಳಲ್ಲಿ ಕೆಂಪು ಮಣಿ ಕಂಡು ಕೈ ಚಾಚಿ ಹಿಡಿದುಬಿಟ್ಟಳು. ಮಗು ಕಿರುಚಿತು, ತಾಯಿ ಅವಳ ಕೈಗೆ ಹೊಡೆದಳು. ಸರಗಳ್ಳಿ ಎಂದು ಬಸ್ಸಿನವರೆಲ್ಲ ಬೈಯುತ್ತಿದ್ದರು. ಬೆರಳಿಗೆ ಸಿಕ್ಕಿದ್ದು ಪ್ಲಾಸ್ಟಿಕ್ ಮಣಿ. ಕಂಡಕ್ಟರು ಅವಳನ್ನು ದಾರಿ ಮಧ್ಯದಲ್ಲೇ ಇಳಿಸಿದ. ಸೊಂಟ ಹಿಡಿದುಕೊಂಡು, ಬಂದ ದಾರಿಯಲ್ಲೇ ಮೆಲ್ಲಗೆ ನಡೆದಳು.